ಇಂತಿ ತಮ್ಮ ವಿಧೇಯ

(ಜಯನಗರದ ನಿವಾಸಿಗಳ ಸಂಘವೊಂದರಲ್ಲಿ ಭಾನುವಾರ ಸಂಜೆ, ನಾಯಿ ಸಾಕಿದವರ ಮತ್ತು ಅವರ ನೆರೆಹೊರೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಸಂಘದ ಕಾರ್ಯದರ್ಶಿಗಳು ಫೋನು ಮಾಡಿ "ನಾಯಿಗಳ ವಿಧೇಯತಾ ತರಬೇತಿಯ ಬಗ್ಗೆ ಮಾತನಾಡಬೇಕು" ಎಂದಾಗ ನನಗೆ ಮೊದಲು ನೆನಪಾದದ್ದು ನಾಯಿಯಲ್ಲ, ರಜಾ ಚೀಟಿ. ನಾನು 31 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. "ಜ್ವರ ಬಂದಿರುವ ಕಾರಣ ಎರಡು ದಿನ ರಜೆ ನೀಡಬೇಕಾಗಿ ವಿನಂತಿ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿ" ಎಂಬ ಚೀಟಿಗಳನ್ನು ಎಷ್ಟು ಓದಿದ್ದೇನೋ ಲೆಕ್ಕವಿಲ್ಲ. ಬಹಳಷ್ಟರಲ್ಲಿ ಜ್ವರವೂ ಸುಳ್ಳು, ವಿಧೇಯತೆಯೂ ಸುಳ್ಳು. ಹಾಗಾಗಿ ಆ ಪದದ ಮೇಲೆ ನನಗೆ ಅಷ್ಟೇನೂ ವಿಶ್ವಾಸವಿಲ್ಲ. ನಾನು ತರಬೇತುದಾರಳಲ್ಲ, ಪಶುವೈದ್ಯಳೂ ಅಲ್ಲ. ಎಂಟು ಭಾನುವಾರ ನಾಯಿಯ ಜೊತೆ ತರಗತಿಗೆ ಹೋಗಿ, ಹಿಂದಿನ ಬೆಂಚಿನ ವಿದ್ಯಾರ್ಥಿನಿಯಾಗಿ ಪಾಸಾದವಳು ಎಂಬ ಅರ್ಹತೆಯೊಂದೇ ನನ್ನದು.

ನಮ್ಮ ನಾಯಿಯ ಹೆಸರು ಕೆಂಚ. ಒಂದು ಮಳೆಗಾಲದ ರಾತ್ರಿ ನಮ್ಮ ಬೀದಿಯಲ್ಲಿ ನಿಂತಿದ್ದ ಕಾರಿನ ಅಡಿಯಲ್ಲಿ ಕುಂಯ್‌ಗುಡುತ್ತಿದ್ದ ಕೆಂಪು ಮರಿ. ಎತ್ತಿ ತಂದೆವು. ಎಂಟು ತಿಂಗಳಲ್ಲಿ ಹದಿನೆಂಟು ಕಿಲೋ ಆದ. ಒಂದು ಬೆಳಿಗ್ಗೆ ಬೆಕ್ಕೊಂದು ಅಡ್ಡ ಹಾದದ್ದೇ ತಡ, ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ ನಾನು ರಸ್ತೆಯ ಮೇಲಿದ್ದೆ. ಎಡ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. (ಹಗ್ಗವನ್ನು ಕೈಗೆ ಸುತ್ತಿಕೊಳ್ಳುವವರು ಇಲ್ಲಿ ಯಾರಾದರೂ ಇದ್ದರೆ ಇಂದೇ ಬಿಟ್ಟುಬಿಡಿ. ಅಂಗೈಯಲ್ಲಿ ಹಿಡಿಯಿರಿ, ಸುತ್ತಬೇಡಿ.) ಪ್ಲಾಸ್ಟರು ಬಿಚ್ಚಿದ ವಾರವೇ ತರಗತಿಗೆ ಹೆಸರು ಬರೆಸಿದೆ. "ನಾಯಿಗೂ ಶಾಲೆಯೇ! ಫೀಸು ಬೇರೆಯೇ!" ಎಂದರು ನಮ್ಮ ಅತ್ತೆ.

ಮೊದಲ ದಿನ ನಾಯಿಯನ್ನು ತರಲೇಬೇಡಿ, ಮನೆಯವರೆಲ್ಲ ಬನ್ನಿ ಎಂದಿದ್ದರು. ಕಲಿಸುವವಳು ನನ್ನ ಹಳೆಯ ವಿದ್ಯಾರ್ಥಿನಿಯರಿಗಿಂತ ಚಿಕ್ಕವಳು. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, "ನಿಮ್ಮ ನಾಯಿಯನ್ನು ಕೂರಿಸಲು ನೀವು ಬಳಸುವ ಪದವನ್ನು ಬರೆಯಿರಿ, ಪಕ್ಕದವರದ್ದನ್ನು ನೋಡಬೇಡಿ" ಎಂದಳು. ನಮ್ಮ ಮನೆಯ ಚೀಟಿಗಳನ್ನು ಗಟ್ಟಿಯಾಗಿ ಓದಿದಾಗ ನಾನು ತಲೆ ತಗ್ಗಿಸಿದೆ. ಅತ್ತೆ "ಕುಳಿತುಕೋ" ಎಂದು ಬರೆದಿದ್ದರು. ಮಗ "ಸಿಟ್ ಡೌನ್". ನಾಗಪುರದ ಬ್ಯಾಂಕಿನಲ್ಲಿ ಹತ್ತು ವರ್ಷ ಇದ್ದು ಬಂದ ನಮ್ಮ ಯಜಮಾನರು "ಬೈಠ್". ಕನ್ನಡದ ಮೇಷ್ಟ್ರಮ್ಮ ನಾನು "ಸಿಟ್, ಸಿಟ್, ಕೂರೋ ಸಿಟ್". ಮನೆಕೆಲಸಕ್ಕೆ ಬರುವ ಅಮ್ಮ ಆ ದಿನ ಬಂದಿರಲಿಲ್ಲ. ಅವರು "ಕೂರ್ಚೋ" ಎನ್ನುವುದನ್ನು ನಾನೇ ಕೇಳಿದ್ದೇನೆ. ಎಂಟು ತಿಂಗಳಿಂದ ನಾವು ದಡ್ಡ ಎಂದು ಬೈಯುತ್ತಿದ್ದ ಪ್ರಾಣಿ, ಒಂದು ಕೆಲಸಕ್ಕೆ ನಾಲ್ಕು ಭಾಷೆಯ ಐದು ಪದ ಕೇಳುತ್ತ ನಮ್ಮ ಮುಖ ನೋಡುತ್ತಿತ್ತು.

ಬೆಂಗಳೂರಿನ ಮನೆಗಳಲ್ಲಿ ಇದು ಸಾಮಾನ್ಯ. ಇನ್ನೂ ಒಂದು ವಿಚಿತ್ರವಿದೆ. ಮೊಮ್ಮಕ್ಕಳ ಜೊತೆ ಅಚ್ಚ ಕನ್ನಡ ಆಡುವ ಅಜ್ಜಿಯಂದಿರೂ ನಾಯಿ ಎದುರು ಬಂದೊಡನೆ ಇಂಗ್ಲಿಷಿಗೆ ಹೊರಳುತ್ತಾರೆ. ನಾಯಿಗೆ ಯಾವ ಭಾಷೆಯಾದರೂ ಒಂದೇ. ಅದಕ್ಕೆ ಬೇಕಾದದ್ದು ಒಂದು ಕೆಲಸಕ್ಕೆ ಒಂದು ಪದ, ಎಲ್ಲರ ಬಾಯಲ್ಲೂ ಅದೇ ಪದ. ನಾವು ಹಟ ಹಿಡಿದು ಕನ್ನಡವನ್ನೇ ಆರಿಸಿದೆವು: ಕೂರು, ನಿಲ್ಲು, ಬಾ, ಬಿಡು, ಜಾಗ. "ಬೇಡ" ಎಂಬುದೂ ಪಟ್ಟಿಯಲ್ಲಿತ್ತು, ಆದರೆ ಬಾ, ಬಿಡು, ಬೇಡ ಮೂರೂ ಬಕಾರದಿಂದ ಶುರುವಾಗಿ ಕೆಂಚನಿಗೆ ಗೊಂದಲವಾಯಿತು. ಬೇಡವನ್ನು ಕೈಬಿಟ್ಟೆವು.

ಬಿಡುಗಡೆಯ ಪದ ಎಂದು ಒಂದಿದೆ. "ಕೂರು" ಎಂದರೆ ಎಷ್ಟು ಹೊತ್ತು ಕೂರಬೇಕು ಎಂಬುದು ನಾಯಿಗೆ ಗೊತ್ತಾಗಬೇಕಲ್ಲ? ಇನ್ನು ಏಳಬಹುದು ಎಂದು ಹೇಳುವ ಪದ ಅದು. ನಾನು "ಆಯಿತು" ಎಂದು ಇಟ್ಟುಕೊಂಡೆ. ತಂಗಿಯ ಫೋನು ಬಂದಾಗ ತಪ್ಪು ತಿಳಿಯಿತು. "ಆಯಿತು, ಆಯಿತು ಕಣೆ" ಎನ್ನುತ್ತಿದ್ದಂತೆ ಚಾಪೆಯ ಮೇಲಿದ್ದ ಕೆಂಚ ಎದ್ದು ಅಡುಗೆಮನೆಗೆ ನಡೆದ. ಕನ್ನಡದಲ್ಲಿ ದಿನಕ್ಕೆ ನೂರು ಸಲ ಆಡುವ ಮಾತನ್ನು ಬಿಡುಗಡೆಗೆ ಇಟ್ಟರೆ ಇನ್ನೇನಾಗುತ್ತದೆ? ಕೊನೆಗೆ ಶಾಲೆಯ ಕವಾಯತಿನಿಂದ "ವಿಶ್ರಾಮ್" ಎಂಬುದನ್ನು ತಂದೆ. ಅದು ಇವತ್ತಿಗೂ ನಿಂತಿದೆ.

ಇನ್ನು ಕೂರಿಸುವ ಪಾಠ. ನಮ್ಮದು ಸಸ್ಯಾಹಾರಿಗಳ ಮನೆ. ಬೇಯಿಸಿದ ಸಿಹಿಗೆಣಸನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ ಒಯ್ಯುತ್ತಿದ್ದೆ. ಚೂರನ್ನು ಮೂಗಿನ ಮುಂದೆ ಹಿಡಿದು ನಿಧಾನವಾಗಿ ತಲೆಯ ಮೇಲಿನಿಂದ ಹಿಂದಕ್ಕೆ ಒಯ್ದರೆ, ಮೂಗು ಮೇಲಕ್ಕೆ ಹೋದಂತೆ ಹಿಂಭಾಗ ತಾನಾಗಿ ನೆಲ ಮುಟ್ಟುತ್ತದೆ. ಮುಟ್ಟಿದ ಕ್ಷಣಕ್ಕೆ "ಹ್ಞಾಂ" ಎಂದು ಚೂರು ಕೊಡಬೇಕು. ಕೆಂಚ ಮೊದಲ ಸಲವೇ ಕುಳಿತ. ಆದರೆ ನಾನು ಚೀಲದಲ್ಲಿ ಗೆಣಸು ತಡಕುವಷ್ಟರಲ್ಲಿ ಅವನು ಎದ್ದಿದ್ದ. ಎದ್ದವನ ಬಾಯಿಗೆ ಗೆಣಸು ಬಿತ್ತು. ಹೀಗೇ ಏಳೆಂಟು ಸಲ. ಕಲಿಸುವ ಹುಡುಗಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮೇಡಂ, ನೀವು ಏಳುವುದಕ್ಕೆ ಸಂಬಳ ಕೊಡುತ್ತಿದ್ದೀರಿ."

ನನ್ನ ಪ್ರಕಾರ ಇಡೀ ಶಾಸ್ತ್ರ ಆ ಒಂದು ವಾಕ್ಯದಲ್ಲಿದೆ. ಅಮೆರಿಕದ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಚಿಲಕ ತೆಗೆದುಕೊಂಡು ಹೊರಬರಲು ಅವು ಹೇಗೆ ಕಲಿಯುತ್ತವೆ ಎಂದು ನೋಡಿ 1898ರಲ್ಲಿ ಬರೆದದ್ದೂ ಇದನ್ನೇ: ಹಿತವಾದ ಫಲ ಕೊಟ್ಟ ನಡೆ ಮರುಕಳಿಸುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಹೆಸರು ನಿಮಗೆ ಗೊತ್ತಿದೆ. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಊಟದ ಸುಳಿವು ಸಿಕ್ಕೊಡನೆ ನಾಯಿಯ ಬಾಯಲ್ಲಿ ನೀರೂರುವುದನ್ನು ಅವರು ಗಮನಿಸಿದ್ದು ಆ ಕೆಲಸದ ನಡುವೆಯೇ. ನನ್ನ "ಹ್ಞಾಂ" ಬದಲಿಗೆ ಈಗ ತರಗತಿಗಳಲ್ಲಿ ಟಿಕ್ ಎನ್ನುವ ಪುಟ್ಟ ಡಬ್ಬಿಯೊಂದನ್ನು ಬಳಸುತ್ತಾರೆ, ಕ್ಲಿಕ್ಕರ್ ಎಂದು. ಅದನ್ನು ನಾಯಿಯವರ ನಡುವೆ ಜನಪ್ರಿಯಗೊಳಿಸಿದ ಕ್ಯಾರೆನ್ ಪ್ರಯರ್ ಮೊದಲು ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದವರು. ನೀರಿನಲ್ಲಿರುವ ಪ್ರಾಣಿಯ ಕೊರಳಿಗೆ ಹಗ್ಗ ಬಿಗಿಯಲಾಗದು, ಬೆನ್ನಿಗೆ ಬಾರಿಸಲಾಗದು. ಸಿಟ್ಟು ಬಂದರೆ ಅದು ಆಚೆ ದಡಕ್ಕೆ ಈಜಿ ಹೋಗುತ್ತದೆ. ಸೀಟಿ ಊದಿ ಮೀನು ಕೊಡುವುದೊಂದೇ ದಾರಿ. ಹೊಡೆಯಲು ಆಗದ ಕಡೆ ಮನುಷ್ಯ ಒಳ್ಳೆಯ ಮೇಷ್ಟ್ರಾಗುತ್ತಾನೆ ಎಂದು ನನಗೆ ಅನ್ನಿಸಿತು. ಬೆತ್ತ ಹಿಡಿದ ಕಾಲದಲ್ಲಿ ಕೆಲಸಕ್ಕೆ ಸೇರಿದವಳು ನಾನು, ಆದ್ದರಿಂದ ಈ ಮಾತು ನನ್ನ ಮೇಲೂ ಬರುತ್ತದೆ.

ಸಂಬಳದ ಲೆಕ್ಕ ಒಮ್ಮೆ ತಲೆಗೆ ಹೊಕ್ಕರೆ ಮನೆ ಬೇರೆಯಾಗಿ ಕಾಣುತ್ತದೆ. ಮೈಮೇಲೆ ಹಾರಿದಾಗ "ಥೂ, ಹೋಗೋ" ಎಂದು ಎರಡು ಕೈಯಿಂದ ತಳ್ಳುತ್ತೇವೆ. ನಾಯಿಗೆ ಅದು ಆಟ. ಊಟದ ಮೇಜಿನ ಬಳಿ ಬೊಗಳಿದರೆ "ಬಾಯಿ ಮುಚ್ಚಲಿ" ಎಂದು ದೋಸೆಯ ಚೂರು ಎಸೆಯುತ್ತೇವೆ. ಬೊಗಳುವ ಕೆಲಸಕ್ಕೆ ಅದು ಬಡ್ತಿ. ಉದ್ಯಾನದಲ್ಲಿ "ಬಾ" ಎಂದು ಕರೆದು, ಬಂದೊಡನೆ ಹಗ್ಗ ಹಾಕಿ ಮನೆಗೆ ಎಳೆದೊಯ್ಯುತ್ತೇವೆ. ಇನ್ನು ಆ ಪದಕ್ಕೆ ಯಾವ ನಾಯಿ ಬರುತ್ತದೆ? ಹತ್ತು ಸಲ ಕರೆದರೆ ಒಂಬತ್ತು ಸಲ ತಿಂಡಿ ಕೊಟ್ಟು ಮತ್ತೆ ಆಡಲು ಬಿಡಿ ಎಂದು ಆ ಹುಡುಗಿ ಹೇಳಿದ್ದಳು. ಬೈಯಲು ಕರೆಯಲೇಬಾರದು. ಬೈಯಬೇಕೆನಿಸಿದರೆ ನೀವೇ ಅದರ ಬಳಿಗೆ ನಡೆಯಿರಿ, ಅಷ್ಟರಲ್ಲಿ ಸಿಟ್ಟೂ ಇಳಿದಿರುತ್ತದೆ.

ತಿಂಡಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ದ್ರಾಕ್ಷಿಯಿಂದ ಮೂತ್ರಪಿಂಡವೇ ಕೆಡಬಹುದು. ಸತ್ಯನಾರಾಯಣ ಪೂಜೆಯ ಸಪಾದ, ಕೇಸರಿಬಾತು ಇವನ್ನು ಪ್ರೀತಿಯಿಂದ ನೆಕ್ಕಿಸುವವರು ನಮ್ಮಲ್ಲಿ ಬಹಳ.

"ನೀವು ಯಜಮಾನರು ಎಂದು ತೋರಿಸಿಕೊಡಬೇಕು, ಅದರ ಮುಂದೆ ನೀವು ಮೊದಲು ಉಣ್ಣಬೇಕು, ಬಾಗಿಲಿನಿಂದ ನೀವು ಮೊದಲು ದಾಟಬೇಕು" ಎಂಬ ಉಪದೇಶ ನಿಮಗೂ ಸಿಕ್ಕಿರಬೇಕು. ಇದರ ಮೂಲ ತೋಳಗಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಕಾದಾಟವನ್ನು ನೋಡಿ ರುಡಾಲ್ಫ್ ಶೆಂಕೆಲ್ ಎಂಬ ಪ್ರಾಣಿವಿಜ್ಞಾನಿ, ಹಿಂಡಿನಲ್ಲಿ ಕಾದಾಡಿ ಗೆದ್ದದ್ದೇ ಯಜಮಾನ ಎಂದು 1947ರಲ್ಲಿ ಬರೆದರು. ಬಸ್ ನಿಲ್ದಾಣದಲ್ಲಿ ಸೀಟಿಗಾಗಿ ಜಗಳವಾಡುವವರನ್ನು ನೋಡಿ ಕನ್ನಡಿಗರ ಸಂಸಾರ ಹೀಗಿರುತ್ತದೆ ಎಂದು ಬರೆದ ಹಾಗಾಯಿತು. ಈ ಕಲ್ಪನೆಯನ್ನು ತಮ್ಮ ಬರಹಗಳಲ್ಲಿ ಹರಡಿದ್ದ ಡೇವಿಡ್ ಮೆಕ್ ಎಂಬ ತೋಳತಜ್ಞರೇ ಕಾಡಿನಲ್ಲಿ ವರ್ಷಗಟ್ಟಲೆ ನೋಡಿದ ಮೇಲೆ, ತೋಳದ ಹಿಂಡೆಂದರೆ ಅಪ್ಪ, ಅಮ್ಮ ಮತ್ತು ಮಕ್ಕಳು, ಅಷ್ಟೇ ಎಂದು 1999ರಲ್ಲಿ ತಿದ್ದಿ ಬರೆದರು. ಆದರೆ ಮಾತು ಒಮ್ಮೆ ಊರು ಸೇರಿದರೆ ತಿದ್ದುಪಡಿ ಅದನ್ನು ಹಿಂಬಾಲಿಸಿ ಬರುವುದಿಲ್ಲ. ಇವತ್ತಿಗೂ ಅದೇ ನೆಪದಲ್ಲಿ ಕೊರಳು ಬಿಗಿಯುವ ಸರಪಳಿ, ಶಾಕ್ ಕೊಡುವ ಬೆಲ್ಟು ಮಾರಾಟವಾಗುತ್ತಿವೆ.

ಅತ್ತೆಯವರ "ನಾಯಿಗೂ ಶಾಲೆಯೇ" ಎಂಬ ಪ್ರಶ್ನೆಗೆ ಉತ್ತರ ಕಬ್ಬನ್ ಪಾರ್ಕಿನ ಅಂಚಿನಲ್ಲಿದೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಹೆಮ್ಮೆ ಮದ್ದೂರಿನ ಸಮೀಪದ ಆತಕೂರಿನಿಂದ ತಂದ ಶಾಸನ. ಕಾಲ ಕ್ರಿ.ಶ. 949–50. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರ ಎಂಬ ವೀರ, ಏನು ಬೇಕು ಕೇಳು ಎಂದ ಒಡೆಯನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಆ ಕಾಳಿ ಕಾಡುಹಂದಿಯೊಂದಿಗೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ನಾಯಿ ಹಂದಿಗಳ ಹೋರಾಟ ಕಲ್ಲಿನಲ್ಲಿ ಕೊರೆದಿದೆ. ಅಂಥ ಬೇಟೆನಾಯಿಯನ್ನು ಯಾರೋ ಕೂತು ಪಳಗಿಸಿರಲೇಬೇಕು. ನಾಯಿಗೆ ಕಲಿಸುವುದು ನಮ್ಮ ನಾಡಿಗೆ ಹೊಸದಲ್ಲ. ಸಾಕಿದ ಮನೆಯವರೆಲ್ಲ ಸಾಲಾಗಿ ನಿಂತು ಕಲಿಯುವ ತರಗತಿ ಮಾತ್ರ ಹೊಸದು. ಅಮೆರಿಕದಲ್ಲಿ ಹೆಲೆನ್ ವೈಟ್‌ಹೌಸ್ ವಾಕರ್ ಎಂಬ ಮಹಿಳೆ ತಮ್ಮ ಪೂಡಲ್ ನಾಯಿಗಳು ಬರೀ ಅಲಂಕಾರಕ್ಕಲ್ಲ ಎಂದು ತೋರಿಸಲು 1933ರಲ್ಲಿ ನಡೆಸಿದ ಸ್ಪರ್ಧೆಯಿಂದ ಇದು ಬೆಳೆಯಿತು. ನಮ್ಮ ಊರಿನಲ್ಲೇ ಆಡುಗೋಡಿಯಲ್ಲಿ ನಗರ ಪೊಲೀಸರ ಶ್ವಾನದಳವಿದೆ. ಕೇಂದ್ರ ಮೀಸಲು ಪೊಲೀಸ್ ಪಡೆಯ ಶ್ವಾನ ತಳಿ ಮತ್ತು ತರಬೇತಿ ಶಾಲೆ 2011ರಿಂದ ನಗರದ ಹೊರವಲಯದ ತರಳುವಿನಲ್ಲಿದೆ. ಅಲ್ಲಿಯೂ ನಾಯಿಯೊಂದನ್ನೇ ತಯಾರು ಮಾಡಿ ಕಳಿಸುವುದಿಲ್ಲ, ಅದರ ಹ್ಯಾಂಡ್ಲರ್ ಕೂಡ ಜೊತೆಗೇ ಕಲಿಯುತ್ತಾನೆ. "ಒಂದು ತಿಂಗಳು ನಮ್ಮಲ್ಲಿ ಬಿಡಿ, ತಯಾರು ಮಾಡಿ ಕೊಡುತ್ತೇವೆ" ಎನ್ನುವವರನ್ನು ನಾನು ನಂಬದಿರುವುದು ಈ ಕಾರಣಕ್ಕೆ. ನಮ್ಮ ಬಂಧುಗಳೊಬ್ಬರ ಲ್ಯಾಬ್ರಡಾರ್ ಹಾಗೆ ಹೋಗಿ ಬಂತು. ತರಬೇತುದಾರ ಬಂದು ನಿಂತರೆ ಮಿಲಿಟರಿ, ಅವನು ಗೇಟು ದಾಟಿದರೆ ಮೊದಲಿನ ಲ್ಯಾಬ್ರಡಾರ್.

ತರಗತಿಯಲ್ಲಿ ನನಗೆ ಅತಿ ಕಷ್ಟವಾದದ್ದು ನಡಿಗೆ. ನಿಯಮ ಸುಲಭ: ಹಗ್ಗ ಬಿಗಿಯಾದರೆ ನಿಲ್ಲಿ, ಸಡಿಲವಾದರೆ ನಡೆಯಿರಿ. ಎಳೆಯಬೇಡಿ, ಗದರಬೇಡಿ, ಮರದ ಹಾಗೆ ನಿಲ್ಲಿ. ಮೊದಲ ಬೆಳಿಗ್ಗೆ ನಮ್ಮ ಗೇಟಿನಿಂದ ಮೂಲೆಯ ಹೊಂಗೆ ಮರದವರೆಗೆ, ಅಂದರೆ ಹನ್ನೊಂದು ಮನೆ ದಾಟಲು, ಮೂವತ್ತೈದು ನಿಮಿಷ ಹಿಡಿಯಿತು. ಕೆಂಚ ಎಳೆದ, ನಾನು ನಿಂತೆ. ಅವನು ಹಿಂತಿರುಗಿ ನೋಡಿದ, ಹಗ್ಗ ಸಡಿಲವಾಯಿತು, ಎರಡು ಹೆಜ್ಜೆ. ಮತ್ತೆ ಎಳೆದ. ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರು ಕನ್ನಡಕ ಇಳಿಸಿ "ಏನಮ್ಮ, ಗಾಡಿ ಕೆಟ್ಟಿತೇ?" ಎಂದು ಕೇಳಿದರು. ಹಾಲಿನವನು ನಕ್ಕ. ಕಸದ ಆಟೊ ಹಾಡು ಹಾಕಿಕೊಂಡು ಹಾದುಹೋಗಿ, ಮುಂದಿನ ಬೀದಿ ಮುಗಿಸಿ ಹಿಂತಿರುಗಿದಾಗಲೂ ನಾವು ಅದೇ ಲೈಟು ಕಂಬದ ಬಳಿ ಇದ್ದೆವು. ಆರನೆಯ ದಿನ ಹದಿನೈದು ನಿಮಿಷಕ್ಕೆ ಇಳಿಯಿತು. ಮೂರನೆಯ ವಾರ ಅದೇ ಬೆಕ್ಕು ಅಡ್ಡ ಬಂತು. ಕೆಂಚನ ಕಿವಿ ನಿಮಿರಿತು, ಮೈ ಬಿಗಿಯಾಯಿತು, ಆಮೇಲೆ ತಲೆ ತಿರುಗಿಸಿ ನನ್ನ ಜೇಬು ನೋಡಿದ. ಮಣಿಕಟ್ಟಿನ ಲೆಕ್ಕದಲ್ಲಿ ಹೇಳುವುದಾದರೆ ಫೀಸು ಅಂದೇ ವಸೂಲಾಯಿತು.

ಆ ನಿಧಾನದ ನಡಿಗೆಯಲ್ಲಿ ನಾನು ಅವನನ್ನು ನೋಡಲು ಕಲಿತೆ. ನಿದ್ದೆಯಿಲ್ಲದ ಆಕಳಿಕೆ, ತಿಂಡಿಯಿಲ್ಲದೆ ತುಟಿ ನೆಕ್ಕುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ಇವೆಲ್ಲ "ನನಗೆ ಕಸಿವಿಸಿಯಾಗುತ್ತಿದೆ" ಎಂಬ ಮಾತುಗಳು. ಬಾಲ ಆಡಿಸುವ ನಾಯಿಗಳೆಲ್ಲ ಖುಷಿಯಲ್ಲಿ ಇರುವುದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಾನೇ ಎಷ್ಟೋ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೆ. ಮನುಷ್ಯರ ವಿಷಯದಲ್ಲಿ ಅದು ನಿಜವಿರಬಹುದು, ನಾಯಿಯ ವಿಷಯದಲ್ಲಿ ನಂಬಬೇಡಿ. ಗುರ್ ಎನ್ನುವುದು ನಾಯಿ ಕೊಡುವ ನೋಟೀಸು. ಗುರುಗುಟ್ಟಿದ್ದಕ್ಕೆ ಹೊಡೆದರೆ ಮುಂದಿನ ಸಲ ಅದು ನೋಟೀಸು ಕೊಡದೆ ಜಾರಿ ಮಾಡುತ್ತದೆ.

ಇಲ್ಲಿ ನಾಯಿ ಸಾಕದವರೂ ಕುಳಿತಿದ್ದೀರಿ. ನಿಮ್ಮ ಪಾಲಿಗೂ ಇದರಲ್ಲಿ ಏನಾದರೂ ಇರಬೇಕು. 2023ರ ಪಾಲಿಕೆಯ ಗಣತಿಯಂತೆ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಸಾಕಿದ ನಾಯಿಗಳು ಬೇರೆ. ದಿನವಿಡೀ ಮನೆಮನೆಗೆ ಪೊಟ್ಟಣ ತಲುಪಿಸುವ ಹುಡುಗರನ್ನು ಕೇಳಿ, ಯಾವ ಗೇಟು ಹೇಗೆ ಎಂದು ಅವರಿಗೆ ಬಾಯಿಪಾಠ. "ನಮ್ಮ ನಾಯಿ ಏನೂ ಮಾಡುವುದಿಲ್ಲ ಬನ್ನಿ" ಎಂದು ಒಳಗಿನಿಂದ ಕೂಗುವುದು ಅವರಿಗೆ ಯಾವ ಸಮಾಧಾನವೂ ಅಲ್ಲ. ನಾವು ಗಂಟೆ ಬಾರಿಸಿದೊಡನೆ ಚಾಪೆಗೆ ಹೋಗುವುದನ್ನು ಕಲಿಸಿದೆವು, ಅದೇ "ಜಾಗ". ಎದುರು ಮನೆಯ ಹುಡುಗನಿಗೆ ದುಂಬಾಲು ಬಿದ್ದು ದಿನಕ್ಕೆ ಇಪ್ಪತ್ತು ಸಲ ಗಂಟೆ ಒತ್ತಿಸಿದೆ. ಅವನಿಗೆ ಸಂಬಳ ಕೋಡುಬಳೆ. ಇನ್ನು ಕಾನೂನು: ಸಾಕಿದ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇನ್ನು ನಿಮ್ಮ ಪ್ರಶ್ನೆಗಳು.

ಲಿಫ್ಟಿನಲ್ಲಿ ನಾಯಿ ತರಬಾರದೆಂದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫಲಕ ಹಾಕಬಹುದೇ ಎಂದು ಒಬ್ಬರು ಕೇಳಿದರು. ಸಾಕುನಾಯಿಗಳನ್ನು ಲಿಫ್ಟಿನಿಂದ ಹೊರಗಿಡುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೆ ನಾಯಿಯೆಂದರೆ ನಡುಗುವ ಅಜ್ಜಿಯೊಬ್ಬರು ಒಳಗಿದ್ದರೆ, "ನೀವು ಹೋಗಿ, ನಾವು ಮುಂದಿನದಕ್ಕೆ ಬರುತ್ತೇವೆ" ಎನ್ನಲು ಯಾವ ಮಾರ್ಗಸೂಚಿ ಬೇಕು? ನಾಯಿಯನ್ನು ಮೂಲೆಯಲ್ಲಿ ಕೂರಿಸಿ, ಅದರ ಮತ್ತು ಜನರ ನಡುವೆ ನೀವು ನಿಲ್ಲಿ.

ಐದು ವರ್ಷದ ನಾಯಿ, ಈಗ ಕಲಿತೀತೇ ಎಂಬುದು ಇನ್ನೊಂದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಬರೆದವರು ನಾಯಿ ಸಾಕಿರಲಿಲ್ಲ. ಕಲಿಯುತ್ತದೆ. ಹಳೆಯ ಅಭ್ಯಾಸ ಅಳಿಯಲು ಹೆಚ್ಚು ದಿನ ಬೇಕು, ಅಷ್ಟೇ. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದದ್ದು ಏಳು ವರ್ಷದ ಬೀಗಲ್. ಮರಿಗಳಿಗೆ ಮಾತ್ರ ಒಂದು ಅವಸರವಿದೆ. ಮೂರನೆಯ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಕಂಡದ್ದು ಕೇಳಿದ್ದು ಲೋಕದಲ್ಲಿ ಸಹಜ ಎಂದು ಅವು ಒಪ್ಪಿಕೊಳ್ಳುತ್ತವೆ. ಲಸಿಕೆಗಳು ಮುಗಿಯುವುದು ಅದಕ್ಕಿಂತ ತಡವಾಗಿ. ಹಾಗಾಗಿ ನೆಲಕ್ಕೆ ಬಿಡದೆ, ಬುಟ್ಟಿಯಲ್ಲೋ ತೋಳಿನಲ್ಲೋ ಹೊತ್ತು ಊರು ತೋರಿಸಿ: ಬಸ್ಸು, ಕೊಡೆ, ಹೆಲ್ಮೆಟ್ ಹಾಕಿದ ಮುಖ, ಕುಕ್ಕರಿನ ಸೀಟಿ, ಎಳನೀರಿನ ಮಚ್ಚಿನ ಸದ್ದು. ಎಷ್ಟು ಹೊರಗೆ ಒಯ್ಯಬಹುದು ಎಂದು ನಿಮ್ಮ ಪಶುವೈದ್ಯರನ್ನು ಕೇಳಿಕೊಳ್ಳಿ.

ಈಗಾಗಲೇ ಇಬ್ಬರನ್ನು ಕಚ್ಚಿದ ನಾಯಿ ತರಗತಿಗೆ ಬರಬಹುದೇ ಎಂದು ಕೇಳಿದವರಿಗೆ: ದಯವಿಟ್ಟು ಬೇಡ. ಮೊದಲು ವೈದ್ಯರ ಬಳಿಗೆ. ಕಿವಿನೋವು, ಸೊಂಟನೋವು ಇದ್ದರೂ ನಾಯಿ ಕಚ್ಚುತ್ತದೆ, ಅದಕ್ಕೆ "ಕೂರು" ಮದ್ದಲ್ಲ. ಆಮೇಲೆ ನಡತೆಯನ್ನು ಬಲ್ಲವರು ಮನೆಗೇ ಬಂದು ನೋಡಬೇಕು. ಕಚ್ಚಿಸಿಕೊಂಡವರು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಹಚ್ಚಬೇಡಿ.

ಕೊನೆಗೆ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ಕೆಂಚನಿಗೆ ಒಟ್ಟು ಎಷ್ಟು ಕನ್ನಡ ಪದ ಬರುತ್ತದೆ ಎಂದು ಕೇಳಿದ. ಎಣಿಸಿ ಹೇಳಿದೆ: ನಾವು ಕಲಿಸಿದ್ದು ಒಂಬತ್ತು. ಹತ್ತನೆಯದನ್ನು ಅವನೇ ಕಲಿತ, "ಸ್ನಾನ". ಆ ಪದ ಕಿವಿಗೆ ಬಿದ್ದರೆ ಮಂಚದ ಕೆಳಗೆ. ಅದಕ್ಕೇ ನಾವು ಮನೆಯಲ್ಲಿ ಗುಟ್ಟಾಗಿ "ಅಭ್ಯಂಜನ" ಎನ್ನುತ್ತಿದ್ದೆವು. ಹೋದ ತಿಂಗಳಿನಿಂದ ಅದಕ್ಕೂ ಮಂಚದ ಕೆಳಗೆ ಹೋಗುತ್ತಿದ್ದಾನೆ.